ಮಂಚದ ಕೆಳಗಿನ ಸೋಮವಾರ

ನಮ್ಮ ಊರಿನಲ್ಲಿ ಕುಕ್ಕರಿನ ಕೂಗಿಗಿಂತ ಗಂಭೀರವಾದ ವಿಷಯ ಇನ್ನೊಂದಿಲ್ಲ. ಇದನ್ನು ನಾನು ಹಗುರವಾಗಿ ಹೇಳುತ್ತಿಲ್ಲ. ಈ ಒಂದು ವಿಷಯಕ್ಕಾಗಿ ಪುರಸಭೆಯ ಸಭೆ ಎರಡು ಸಲ ಮುಂದಕ್ಕೆ ಹೋಗಿದೆ, ಒಂದು ನಿಶ್ಚಿತಾರ್ಥ ಮುರಿದಿದೆ, ಚೆನ್ನಾಗಿದ್ದ ಅಣ್ಣತಮ್ಮಂದಿರು ಒಲೆ ಬೇರೆ ಮಾಡಿಕೊಂಡಿದ್ದಾರೆ. ಇವತ್ತು ಎಂಟೂವರೆಗೆ ಬೇಳೆ ಇಟ್ಟು ಮೂರು ಕೂಗಿಗೆ ಇಳಿಸುತ್ತೀರಿ. ನಾಳೆ ಅದೇ ಎಂಟೂವರೆಗೆ ಮತ್ತೆ ಇಟ್ಟರೆ, ಕೂಗಿದ್ದು ಇವತ್ತಿನ ಕುಕ್ಕರೋ ನಿನ್ನೆಯದೋ ಬ್ರಹ್ಮನಿಗೂ ಗೊತ್ತಾಗುವುದಿಲ್ಲ. ಅದಕ್ಕೇ ತಿಳಿದ ಹೆಂಗಸರು ಸಮಸಂಖ್ಯೆಯ ತಾರೀಖಿನಂದು ಎಂಟೂವರೆಗೆ, ಬೆಸಸಂಖ್ಯೆಯಂದು ಒಂಬತ್ತಕ್ಕೆ ಬೇಳೆ ಇಡುತ್ತಾರೆ. ಮೂವತ್ತೊಂದು ಕಳೆದು ಒಂದನೇ ತಾರೀಖು ಬಂದ ದಿನ ಮಾತ್ರ ಊರಿಗೆ ಊರೇ ಬೇಯದ ಬೇಳೆ ಉಣ್ಣುತ್ತದೆ.

ಸೂರಿನ ಕೆಳಗೆ ಆದ ಸದ್ದು ಮಾರನೆಯ ದಿನ ಅದೇ ಹೊತ್ತಿಗೆ, ಅದೇ ಜಾಗದಲ್ಲಿ, ಅಷ್ಟೇ ಜೋರಾಗಿ ಇನ್ನೊಂದು ಸಲ ಕೇಳಿಸುತ್ತದೆ. ಒಂದೇ ಸಲ, ಆಮೇಲೆ ಇಲ್ಲ. ಇದಕ್ಕೆ ನಾವು ಮರುದನಿ ಎನ್ನುತ್ತೇವೆ. ಯಾಕೆ ಹೀಗೆ ಎಂದು ಕೇಳುವವರು ಪರವೂರಿನವರು. ಅವರಿಗೆ ಕಾಫಿ ಕೊಟ್ಟು ಕಳಿಸುತ್ತೇವೆ. ಬಯಲಿನಲ್ಲಿ ಆಡಿದ ಮಾತು ಗಾಳಿಗೆ ಹೋಗುತ್ತದೆ. ಹಾಗಾಗಿ ನಮ್ಮಲ್ಲಿ ಗಂಡ ಹೆಂಡಿರ ಜಗಳ, ಅತ್ತೆಯ ಮೇಲಿನ ದೂರು, ಹುಡುಗ ಹುಡುಗಿಯ ಮೊದಲ ಮಾತು ಎಲ್ಲವೂ ತಾರಸಿಯ ಮೇಲೆ. ಸಂಜೆ ಆರಕ್ಕೆ ಒಮ್ಮೆ ತಲೆ ಎತ್ತಿ ನೋಡಿದರೆ ಯಾರ ಸಂಸಾರ ಎಲ್ಲಿಗೆ ಬಂದಿದೆ ಎಂಬುದು ತಿಳಿಯುತ್ತದೆ. ಮಳೆಗಾಲದಲ್ಲಿ ಜಗಳಕ್ಕೆ ಕೊಡೆ ಹಿಡಿದರೆ ಆ ಕೊಡೆ ಸೂರೋ ಅಲ್ಲವೋ ಎಂಬ ದಾವೆ ಹನ್ನೊಂದು ವರ್ಷದಿಂದ ನಡೆಯುತ್ತಿದೆ.

ನಾನು ಈ ಊರಿನ ಗ್ರಂಥಾಲಯದಲ್ಲಿ ಮೂವತ್ತೆರಡು ವರ್ಷ ಕೂತವಳು. ನಿವೃತ್ತಿಯಾದ ಮೇಲೆ ನ್ಯಾಯಾಲಯದವರು ನನ್ನನ್ನು ಅಧಿಕೃತ ಕೇಳುಗರಾಗಿ ನೇಮಿಸಿಕೊಂಡರು. ಕೆಲಸ ಸುಲಭ. ಯಾವ ಮನೆಯಲ್ಲಿ ನಡೆದದ್ದರ ಬಗ್ಗೆ ತಕರಾರಿದೆಯೋ ಆ ಮನೆಗೆ ಮಾರನೆಯ ದಿನ ಹೋಗಬೇಕು. ಮನೆಯವರು ಬೀಗದಕೈ ನನ್ನ ಕೈಗೆ ಕೊಟ್ಟು ಹೊರಗೆ ಹೋಗಬೇಕು. ನಿನ್ನೆಯ ಸದ್ದನ್ನೆಲ್ಲ ಕೇಳಿ ನಾನು ವರದಿ ಬರೆಯಬೇಕು. ನಿಯಮ ಒಂದೇ: ಪಡಸಾಲೆಯ ನಡುವೆ ಕುರ್ಚಿ ಹಾಕಿರುತ್ತಾರೆ, ಕೇಳುಗರು ಆ ಕುರ್ಚಿ ಬಿಟ್ಟು ಏಳತಕ್ಕದ್ದಲ್ಲ. ನನಗಿಂತ ಹಿಂದೆ ಇದ್ದ ಕೇಳುಗರು ಒಂದು ಮನೆಯ ಮಿಡಿ ಉಪ್ಪಿನಕಾಯಿಯ ಭರಣಿಯನ್ನೂ ವಿಚಾರಣೆಗೆ ಒಳಪಡಿಸಿದ್ದರಂತೆ, ಅಂದಿನಿಂದ ಬಂದ ನಿಯಮ.

ಕುಮುದಿನಿಯ ಪ್ರಕರಣ ನನ್ನ ಕೈಗೆ ಬಂದದ್ದು ಹೋದ ವರ್ಷ. ಆರು ವರ್ಷದ ಹುಡುಗಿ, ಎಲ್ಲರ ಬಾಯಲ್ಲೂ ಕುಮ್ಮಿ. ಅಪ್ಪ ಪರಮೇಶಿಗೆ ಟಯರ್ ಪಂಕ್ಚರ್ ಅಂಗಡಿ. ಅಮ್ಮ ತಾರಾಮಣಿ ಬೇಕರಿಯಲ್ಲಿ ಕೆಲಸ. ಇಬ್ಬರೂ ಬೇರೆಯಾಗಲು ಕಾರಣ ಇಬ್ಬರೂ ಅಲ್ಲ, ಪರಮೇಶಿಯ ತಮ್ಮ ವಾಗೀಶ. ಕುಡಿಯುವವನು, ಕೈ ಮುಂದಿನವನು. ಒಮ್ಮೆ ಕುಮ್ಮಿ ಓಡಾಡುತ್ತ ಅವನ ಗ್ಲಾಸು ಚೆಲ್ಲಿದ್ದಕ್ಕೆ ಅವಳ ಕೈ ತಿರುಚಿದ್ದ. ಆರು ವಾರ ಪಟ್ಟಿ ಕಟ್ಟಿಸಿಕೊಂಡಿತು ಮಗು. ಮನೆಯವರು ಉಯ್ಯಾಲೆಯಿಂದ ಬಿದ್ದಳು ಎಂದರು. ತಾರಾಮಣಿ ಆ ಹೊತ್ತಿನಲ್ಲಿ ಬೇಕರಿಯಲ್ಲಿದ್ದಳು. ಮಾರನೆಯ ದಿನ ಅದೇ ಹೊತ್ತಿಗೆ ಮನೆಮಂದಿಯೆಲ್ಲ ಆಸ್ಪತ್ರೆಯಲ್ಲಿ. ನಡೆದದ್ದೆಲ್ಲ ಖಾಲಿ ಮನೆಯಲ್ಲಿ ಒಮ್ಮೆ ಕೇಳಿಸಿ ಮುಗಿದುಹೋಯಿತು. ಬೇರೆ ಊರಿನಲ್ಲಿ ಸಾಕ್ಷಿ ಸಿಗದಿದ್ದರೆ ಅಯ್ಯೋ ಪಾಪ ಎನ್ನುತ್ತಾರೆ. ನಮ್ಮ ಊರಿನಲ್ಲಿ ಸಾಕ್ಷಿ ಸಿಗದಿದ್ದರೆ ಸುಳ್ಳು ಎನ್ನುತ್ತಾರೆ.

ನ್ಯಾಯಾಲಯ ಮಗುವನ್ನು ತಾಯಿಗೆ ಕೊಟ್ಟಿತು. ಅಪ್ಪನಿಗೆ ಭಾನುವಾರ ಹತ್ತರಿಂದ ನಾಲ್ಕರವರೆಗೆ, ಅವನ ಮನೆಯಲ್ಲೇ. ಆ ಹೊತ್ತಿನಲ್ಲಿ ವಾಗೀಶ ಮನೆಯಲ್ಲಿ ಇರಕೂಡದು. ಸೋಮವಾರ ಹತ್ತರಿಂದ ನಾಲ್ಕರವರೆಗೆ ನಾನು ಹೋಗಿ ಕೇಳಬೇಕು. ನಾಲ್ಕು ವರದಿ ಚೆನ್ನಾಗಿ ಬಂದರೆ ಕೇಳುಗರೂ ಬೇಡ, ಷರತ್ತೂ ಬೇಡ. ಮಗು ಶನಿವಾರವೇ ಬಂದು ಎರಡು ದಿನ ಇರಬಹುದು.

ಮೊದಲ ಸೋಮವಾರ ಪರಮೇಶಿಯ ತಾಯಿ ಸಣ್ಣಮ್ಮ ಬಾಗಿಲಲ್ಲೇ ನಿಂತಿದ್ದರು. "ಬನ್ನಿ ಮೇಡಂ, ಕುರ್ಚಿ ಮೇಲೆ ದಿಂಬು ಹಾಕಿದೀನಿ. ಫ್ಲಾಸ್ಕಲ್ಲಿ ಕಾಫಿ ಐತೆ. ಎಷ್ಟ್ ಬೇಕೋ ಅಷ್ಟ್ ಕೇಳಿಸ್ಕೊಳಿ, ನಮ್ಮನೇಲಿ ಬಚ್ಚಿಡೋದು ಏನೈತೆ?" ಎಂದು ಮಗನನ್ನು ಕರೆದುಕೊಂಡು ಹೊರಟರು. ನಾನು ಕೂತೆ. ಚೀಲದಲ್ಲಿ ಕೋಡುಬಳೆ ಇತ್ತು. ಗಾಳಿಯಲ್ಲಿ ಹಿಂದಿನ ದಿನದ ಸಣ್ಣಮ್ಮ ಮಾತು ಶುರು ಮಾಡಿದರು: "ಬಾ ನನ್ ಬಂಗಾರಾ, ಬಾ ನನ್ ಮುತ್ತೇ, ಇನ್ನೊಂದು ಒಬ್ಬಟ್ಟು ಹಾಕ್ಲಾ ತಾಯಿ?" ನಾಳೆ ಕೇಳುವವರಿಗೆಂದೇ ಆಡಿದ ಮಾತಿನ ಲಯವೇ ಬೇರೆ, ಆಕಾಶವಾಣಿಯ ಗ್ರಾಮೀಣ ಕಾರ್ಯಕ್ರಮದಂತೆ ಸ್ಪಷ್ಟವಾಗಿರುತ್ತದೆ. ತಪ್ಪೇನಿಲ್ಲ, ಅತಿಥಿ ಬಂದರೆ ನಾವೂ ಒಳ್ಳೆ ಲೋಟ ತೆಗೆಯುತ್ತೇವೆ. ಪರಮೇಶಿ ಮಗಳಿಗೆ ಒಂದು ಕಾಗೆ ಕತೆ ಹೇಳಿದ. ಹನ್ನೆರಡರ ಹೊತ್ತಿಗೆ ಊಟ ಮುಗಿಯಿತು, ಅವನು ಪಡಸಾಲೆಯಲ್ಲೇ ಗೊರಕೆ ಹೊಡೆದ, ಸಣ್ಣಮ್ಮ ಹಪ್ಪಳ ಒಣಹಾಕಲು ತಾರಸಿಗೆ ಹೋದರು. ಹನ್ನೆರಡೂ ಹತ್ತರಿಂದ ಎರಡೂ ನಲವತ್ತರವರೆಗೆ ಮಗುವಿನ ಸದ್ದೇ ಇಲ್ಲ. ವಾಗೀಶನ ಸೊಲ್ಲೂ ಇಲ್ಲ.

ನಾನು ಬರೆದೆ: "ಊಟದ ನಂತರ ಮಗು ಶಾಂತವಾಗಿತ್ತು. ಎಲ್ಲವೂ ಸಮಂಜಸ." ಎರಡನೆಯ ಸೋಮವಾರವೂ ಅದನ್ನೇ ಬರೆದೆ. ಶಾಂತ ಎಂಬ ಪದದ ಕೆಳಗೆ ಒಂದು ಗೆರೆಯನ್ನೂ ಎಳೆದೆ. ಮೂವತ್ತೆರಡು ವರ್ಷ ನನ್ನ ದೃಷ್ಟಿಯಲ್ಲಿ ಒಳ್ಳೆಯ ಮಗು ಎಂದರೆ ಸದ್ದು ಮಾಡದ ಮಗು. ಆ ಕಸುಬಿನವರಿಗೆ ಬರುವ ಕಾಯಿಲೆ ಅದು, ಬೆನ್ನುನೋವಿನ ಹಾಗೆ. ಇದೆ ಎಂದು ಗೊತ್ತಾಗುವುದು ಬಗ್ಗಿದಾಗ ಮಾತ್ರ.

ಆ ಗುರುವಾರ ತಾರಾಮಣಿ ಬೇಕರಿಯ ಪೊಟ್ಟಣ ಹಿಡಿದು ನಮ್ಮ ಮನೆಗೆ ಬಂದಳು. ಒಳಗೆ ಕರೆದರೆ ಬರಲಿಲ್ಲ, ಅಂಗಳದಲ್ಲೇ ನಿಂತಳು. ಮಾತು ಉಳಿಯಬಾರದು ಎನ್ನುವವರು ಹಾಗೇ ನಿಲ್ಲುವುದು.

"ಮೇಡಂ, ವರದಿ ತೋರಿಸಿದ್ರು ನಮ್ ವಕೀಲ್ರು. ಶಾಂತವಾಗಿದ್ಲು ಅಂತ ಬರ್ದಿದೀರಿ."

"ಹೌದಮ್ಮ. ಬಹಳ ಒಳ್ಳೆ ಹುಡುಗಿ."

"ಎಷ್ಟೊತ್ತು ಶಾಂತವಾಗಿದ್ಲು?"

"ಮಧ್ಯಾಹ್ನ ಎರಡೂವರೆ ಗಂಟೆ. ಮಲಗಿರಬೇಕು."

ತಾರಾಮಣಿ ನಕ್ಕಳು. ಅದಕ್ಕೆ ಬೇರೆ ಪದ ಇಲ್ಲದಿದ್ದರಿಂದ ನಗು ಎನ್ನುತ್ತಿದ್ದೇನೆ. "ಕುಮ್ಮಿ ಮಧ್ಯಾಹ್ನ ಮಲಗೋದು ಬಿಟ್ಟು ಮೂರು ವರ್ಷ ಆಯ್ತು. ರಾತ್ರಿ ಮಲಗಿದ್ರೂ ಹಲ್ಲು ಕಡೀತಾಳೆ, ಪಕ್ಕದ್ಮನೆಯೋರು ಇಲಿ ಅಂತ ಬೋನು ತಂದಿದ್ರು. ಹಲ್ಲು ಉಜ್ಜುವಾಗ್ಲೂ ಮಾತಾಡ್ತಾಳೆ, ನೊರೆ ಎಲ್ಲ ನನ್ ಮೇಲೆ. ಎರಡೂವರೆ ಗಂಟೆ ಸುಮ್ಮನಿದ್ಲಾ? ನನ್ ಮಗಳಾ? ಅದನ್ನ ಒಳ್ಳೇದು ಅಂತ ಬರ್ದ್ರಾ ನೀವು?"

"ಅವಳನ್ನೇ ಕೇಳಬಹುದಿತ್ತಲ್ಲ?"

"ಕೇಳ್ದೆ. 'ನಾನು ನಾಳೆ ಅಜ್ಜಿಗೆ ಹೇಳಿದೀನಲ್ಲ' ಅಂತಾಳೆ, ಅಷ್ಟೇ. ಅದ್ಯಾವ ಅಜ್ಜಿಯೋ! ಇನ್ನೆರಡು ವರದಿ ಹಿಂಗೇ ಆದ್ರೆ ಅವಳು ರಾತ್ರಿನೂ ಅಲ್ಲೇ ಇರ್ಬೇಕು, ಮೇಡಂ. ಕದ ಹಾಕ್ಕೊಂಡ್ರೆ ಯಾರು ಕೇಳೋರು?"

ಪೊಟ್ಟಣ ನನ್ನ ಕೈಗಿಟ್ಟು ಹೋದಳು. ಒಳಗೆ ಎರಡು ಬನ್ನು. ಪೊಟ್ಟಣವನ್ನು ಹಾಗೇ ಮಡಿಸಿ ಇಟ್ಟೆ.

ಮೂರನೆಯ ಸೋಮವಾರ ಸಣ್ಣಮ್ಮ ನನ್ನ ಕೈಗೆ ಬೀಗದಕೈ ಕೊಡುತ್ತಾ ತಮಾಷೆ ಮಾಡಿದರು. "ಮೇಡಂ, ಪ್ರತಿ ಮಂಗಳವಾರ ನಮ್ಮನೇಲಿ ನಿಮ್ ಕೋಡ್ಬಳೆ ಕಟುಂ ಕುಟುಂ ಅಂತಿರ್ತದೆ. ನಮ್ ಕುಮ್ಮಿಗೂ ಹೇಳ್ದೆ, ಬಿದ್ದು ಬಿದ್ದು ನಕ್ತು."

ಅವರು ಹೋದ ಮೇಲೆ ನಾನು ಕುರ್ಚಿಯಲ್ಲಿ ಕೂತು ಒಬ್ಬಟ್ಟು, ಬಂಗಾರ, ಕಾಗೆ ಎಲ್ಲವನ್ನೂ ಕೇಳಿದೆ. ಹನ್ನೆರಡೂ ಹತ್ತು ಆಯಿತು. ಪರಮೇಶಿಯ ನಿನ್ನೆಯ ಗೊರಕೆ ನನ್ನ ಮೊಣಕಾಲ ಬಳಿ ಚಾಪೆ ಇದ್ದಿರಬೇಕಾದ ಜಾಗದಿಂದ ಏಳತೊಡಗಿತು. ಉಳಿದಂತೆ ಏನೂ ಇಲ್ಲ. ಏನೂ ಇಲ್ಲದ್ದನ್ನು ಎಂದಾದರೂ ಕಿವಿಗೊಟ್ಟು ಕೇಳಿದ್ದೇನೆಯೇ ಎಂದು ನನ್ನನ್ನೇ ಕೇಳಿಕೊಂಡೆ. ಸದ್ದು ಮರಳಿ ಬರುವುದು ಆದ ಜಾಗದಲ್ಲೇ. ಜೋರಾದದ್ದು ಕುರ್ಚಿಯವರೆಗೆ ಬರುತ್ತದೆ. ಸಣ್ಣದನ್ನು ಕೇಳಬೇಕೆಂದರೆ ಅದು ಆದಲ್ಲಿಗೆ ನಾವೇ ಹೋಗಬೇಕು.

ನಾನು ಎದ್ದೆ. ಮೂವತ್ತೆರಡು ವರ್ಷದ ಸರ್ಕಾರಿ ಸೇವೆಯಲ್ಲಿ ಒಂದೂ ನಿಯಮ ಮೀರದವಳಿಗೆ ಕುರ್ಚಿಯಿಂದ ಏಳುವುದು ಸಮುದ್ರ ದಾಟಿದಂತೆ ಅನ್ನಿಸಿತು. ಅಡುಗೆಮನೆಯಲ್ಲಿ ಕಿವಿಗೊಟ್ಟೆ, ನಲ್ಲಿ ತೊಟ್ಟಿಕ್ಕುತ್ತಿತ್ತು. ಬೀರು ತೆರೆದು ತಲೆ ತೂರಿಸಿದೆ; ನುಸಿಗುಳಿಗೆಯ ವಾಸನೆ. ಹಿತ್ತಲ ಬಾಗಿಲನ್ನು ತಳ್ಳಿ ನೋಡಿದೆ. ಅಷ್ಟು ಹಳೆಯ ಬಾಗಿಲು ಎಮ್ಮೆಕರುವಿನಂತೆ ಅರಚಬೇಕಿತ್ತು, ಬೆಣ್ಣೆಯಂತೆ ಸರಿಯಿತು. ಕೀಲಿನಲ್ಲಿ ಎಣ್ಣೆ ಜಿನುಗುತ್ತಿತ್ತು. ಸಣ್ಣಮ್ಮನ ಕೋಣೆಗೆ ಹೋದೆ. ಅಲ್ಲಿ ದೊಡ್ಡ ಮಂಚ, ಮಂಚದ ಕೆಳಗೆ ಟ್ರಂಕು, ಟ್ರಂಕಿಗೂ ಗೋಡೆಗೂ ನಡುವೆ ಒಂದು ಮಗು ಹಿಡಿಸುವಷ್ಟು ಜಾಗ. ಅರವತ್ತೊಂದು ವಯಸ್ಸಿನ ನ್ಯಾಯಾಲಯದ ಅಧಿಕೃತ ಕೇಳುಗರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮಂಡಿ ಲಟಕ್ಕೆನ್ನಿಸಿ, ತಲೆ ಮೊದಲು ಒಳಗೆ ತೂರಿದರು. ನಾನು ಅರ್ಧ ಮಾತ್ರ ಹಿಡಿಸಿದೆ. ಅಷ್ಟು ಸಾಕಾಯಿತು.

ಅಲ್ಲಿ ಉಸಿರು ಕೇಳಿಸುತ್ತಿತ್ತು. ಚಿಕ್ಕ ಚಿಕ್ಕ ಉಸಿರು, ಬಾಯಿಗೆ ಕೈ ಅಡ್ಡ ಹಿಡಿದು ಬಿಟ್ಟದ್ದು. ಆಮೇಲೆ ಪಿಸುಮಾತು, ನನ್ನ ಕಿವಿಯ ಪಕ್ಕದಲ್ಲೇ.

"ನಾಳೆ ಅಜ್ಜೀ... ನಾನು ಕುಮ್ಮಿ. ಮಂಚದ ಕೆಳಗಿದೀನಿ. ಚಿಕ್ಕಪ್ಪ ಬಂದ್ರು. ಚಪ್ಪಲಿ ಕೈಯಲ್ ಹಿಡ್ಕೊಂಡು ಬಂದ್ರು. ಬಾಗ್ಲಲ್ಲಿ ಕೂತಿದಾರೆ. ಬಟ್ಟೆ ಹಿಂಡ್ತಾರಲ್ಲ, ಹಂಗೆ ಕೈ ಮಾಡಿ ತೋರಿಸ್ತಾರೆ. ಅದಕ್ಕೇ ಜೋರಾಗಿ ಹೇಳಕ್ಕಾಗಲ್ಲ." ಸ್ವಲ್ಪ ಹೊತ್ತು ಉಸಿರು ಮಾತ್ರ. "ಹೋದ್ ವಾರನೂ ಹೇಳಿದ್ದೆ. ಅದರ ಹಿಂದಿನ್ ವಾರನೂ ಹೇಳಿದ್ದೆ. ನಿಮಗೆ ಕೇಳಿಸ್ಲಿಲ್ವಾ? ಅಜ್ಜಿ ಹೇಳಿದ್ರು, ನೀವು ಕೋಡ್ಬಳೆ ತಿಂತಾ ಇರ್ತೀರಂತೆ. ಮೆತ್ತಗಿರೋದು ತಿನ್ನಿ ನಾಳೆ ಅಜ್ಜಿ, ಆಗ ಕೇಳ್ಸುತ್ತೆ. ಅಮ್ಮಂಗೆ ಹೇಳಿ. ಅಪ್ಪಂಗೆ ಹೇಳ್ಬೇಡಿ, ಅಪ್ಪ ಅಳ್ತಾರೆ."

ಆಮೇಲೆ ಅವಳು ಎರಡರ ಮಗ್ಗಿಯನ್ನು ಪಿಸುಗುಟ್ಟತೊಡಗಿದಳು. ಎರಡೊಂದ್ಲ ಎರಡು, ಎರಡೆರಡ್ಲ ನಾಕು. ಹತ್ತಕ್ಕೆ ಮುಟ್ಟಿ ಮತ್ತೆ ಮೊದಲಿಂದ. ಹೊತ್ತು ಕಳೆಯುವ ವಿಧಾನ ಅದು.

ನನಗೊಂದು ಗುಮಾಸ್ತರ ಚಾಳಿಯಿದೆ. ಏನೇ ಬರೆದರೂ ಬಾಯಲ್ಲಿ ಹೇಳಿಕೊಂಡೇ ಬರೆಯುತ್ತೇನೆ, ಇಲ್ಲದಿದ್ದರೆ ಪದ ಬಿಟ್ಟುಹೋಗುತ್ತದೆ. ಮಂಚದ ಕೆಳಗೇ ಕಾಗದವನ್ನು ಟ್ರಂಕಿನ ಮೇಲಿಟ್ಟು, ಅವಳು ಹೇಳಿದ್ದನ್ನು ಒಂದಕ್ಷರ ಬಿಡದೆ ಗಟ್ಟಿಯಾಗಿ ಹೇಳುತ್ತ ಪೆನ್ಸಿಲಿನಲ್ಲಿ ಬರೆದುಕೊಂಡೆ. ಕೋಡುಬಳೆಯ ಮಾತನ್ನೂ ಬರೆದೆ. ಕೊನೆಗೆ, ಅಲ್ಲಿ ಯಾರೂ ಇಲ್ಲವೆಂದು ಗೊತ್ತಿದ್ದೂ, "ಕೇಳಿಸಿತು ಕಂದಾ, ಈಗ ಕೇಳಿಸಿತು" ಎಂದೆ. ಎರಡೂ ನಲವತ್ತರವರೆಗೂ ಹಾಗೇ ಅರ್ಧ ಒಳಗೆ ಅರ್ಧ ಹೊರಗೆ ಮಲಗಿದ್ದೆ. ಆ ಹೊತ್ತಿಗೆ ಹಿತ್ತಲಿನ ಕಡೆಗೆ ಬರಿಗಾಲು ನಾಲ್ಕು ಹೆಜ್ಜೆ ಹೋದದ್ದು ನೆಲಕ್ಕೆ ಒತ್ತಿದ ಕಿವಿಗೆ ತಿಳಿಯಿತು.

ನಾಲ್ಕು ಗಂಟೆಗೆ ಬೀಗದಕೈ ವಾಪಸು ಕೊಟ್ಟು ನೆಟ್ಟಗೆ ನ್ಯಾಯಾಧೀಶೆಯ ಮುಂದೆ ಹೋಗಿ ಲಕೋಟೆ ಇಟ್ಟೆ. ನಮ್ಮ ನ್ಯಾಯಾಧೀಶೆಗೆ ಊರಿನವರು ಜಡ್ಜಮ್ಮ ಎನ್ನುತ್ತಾರೆ. ಎದುರಿಗೂ ಹಾಗೇ ಎನ್ನುತ್ತಾರೆ. ಆಕೆ ನನ್ನ ಸೀರೆಯ ಧೂಳು ನೋಡಿದರು, ಕೂದಲಿನಲ್ಲಿದ್ದ ಜೇಡರಬಲೆ ನೋಡಿದರು, ಏನೂ ಕೇಳದೆ ಮಾರನೆಯ ದಿನ ಹನ್ನೊಂದಕ್ಕೆ ಎಲ್ಲರನ್ನೂ ಕರೆಸಿದರು.

ಮಂಗಳವಾರ ಲಕೋಟೆ ಒಡೆಯುವ ಮೊದಲೇ ಪರಮೇಶಿಯ ವಕೀಲ ತಿಪ್ಪೇಶಪ್ಪ ಎದ್ದು ನಿಂತರು. "ನಿನ್ನೆ ಮೇಡಂನೋರ ಮೈಮೇಲಿದ್ದ ಧೂಳು ಊರೆಲ್ಲಾ ನೋಡಿದೆ ಜಡ್ಜಮ್ಮ, ಕುರ್ಚಿ ಮೇಲೆ ಕೂತು ಬರೆದ ವರದಿ ಅಲ್ಲ ಇದು. ಕುರ್ಚಿ ಬಿಟ್ರಾ ಇಲ್ವಾ, ಅಷ್ಟ್ ಹೇಳ್ಲಿ."

"ಬಿಟ್ಟೆ" ಎಂದೆ.

"ಹಂಗಾದ್ರೆ ಲಕೋಟೆ ಒಡೆಯೋ ಹಂಗಿಲ್ಲ."

ಜಡ್ಜಮ್ಮ ಲಕೋಟೆಯನ್ನು ಪಕ್ಕಕ್ಕೆ ಸರಿಸಿದರು. "ಆಯ್ತು, ಕುರ್ಚಿ ವಿಷಯ ನಾಳೆ ತೀರ್ಮಾನ ಮಾಡೋಣ. ಪರಮೇಶೀ, ಒಂದು ಕೇಳ್ತೀನಿ. ಮೊದಲ ಎರಡು ವರದಿಯಲ್ಲೇ ಇದೆ, ಊಟ ಆದ್ಮೇಲೆ ನಿಮ್ಮ ಮಗಳು ಶಾಂತವಾಗಿದ್ಲು ಅಂತ. ಎಲ್ಲಿದಾಳೆ, ಏನ್ ಮಾಡ್ತಿದಾಳೆ ಅಂತ ಎದ್ದು ಹೋಗಿ ನೋಡಿದ್ರಾ?"

ಪರಮೇಶಿ ಬಾಯಿ ತೆರೆದ. ವಕೀಲರ ಕಡೆ ನೋಡಿದ. ಬಾಯಿ ಮುಚ್ಚಿದ. ಗೋಡೆ ಗಡಿಯಾರ ಹನ್ನೊಂದು ಸಲ ಟಿಕ್ ಎಂದಿತು. ಆಮೇಲೆ ತಿಪ್ಪೇಶಪ್ಪ, "ನನ್ನ ಕಕ್ಷಿದಾರರು ಇದಕ್ಕೆ ಉತ್ತರ ಕೊಡಬೇಕಾದ್ದಿಲ್ಲ" ಎಂದು ಆ ಮೌನವನ್ನು ಮುಚ್ಚಿದರು.

ನಮ್ಮ ನ್ಯಾಯಾಲಯಕ್ಕೂ ಸೂರಿದೆ. ಆದ್ದರಿಂದ ಒಂದು ದಿನ ವಾದ ನಡೆದರೆ ಮಾರನೆಯ ದಿನ ಅದೇ ಹೊತ್ತಿಗೆ ಎಲ್ಲರೂ ಬಂದು ಬಾಯಿ ಮುಚ್ಚಿ ಕೂತು ಆ ವಾದವನ್ನು ಮತ್ತೆ ಕೇಳಬೇಕು. ಮೊದಲ ದಿನ ತೂಕಡಿಸಿದವರಿಗೆ ಇದು ಅನುಕೂಲ. ಆದರೆ ಮುಖ್ಯ ಪದ್ಧತಿ ಬೇರೆ ಇದೆ. ನಿನ್ನೆ ಯಾರು ಎಲ್ಲಿ ಉತ್ತರ ಕೊಡದೆ ಸುಮ್ಮನಿದ್ದರೋ, ಇವತ್ತು ಆ ಖಾಲಿ ಜಾಗ ಬಂದಾಗ ಅವರು ಎದ್ದು ಅದನ್ನು ತುಂಬಬಹುದು. ಸಂದು ತುಂಬುವುದು ಎನ್ನುತ್ತಾರೆ. ಹಾಗೆ ಹೇಳಿದ್ದಕ್ಕೆ ಪ್ರಮಾಣ ಮಾಡಿ ಹೇಳಿದಷ್ಟೇ ಬೆಲೆ. ಹೆಚ್ಚಿನವರು ತುಂಬುವುದಿಲ್ಲ. ಮನುಷ್ಯ ಎರಡನೆಯ ಸಲವೂ ಮೊದಲಿನಷ್ಟೇ ಹೆದರುತ್ತಾನೆ.

ಬುಧವಾರ ಹನ್ನೊಂದಕ್ಕೆ ನಾವೆಲ್ಲ ಕೂತೆವು. ತಾರಾಮಣಿ ಬೆಂಚಿನ ತುದಿಯನ್ನು ಎರಡು ಕೈಯಲ್ಲೂ ಹಿಡಿದಿದ್ದಳು. ಖಾಲಿ ಗಾಳಿಯಲ್ಲಿ ತಿಪ್ಪೇಶಪ್ಪನವರ ದನಿ ನನ್ನ ಧೂಳಿನ ಬಗ್ಗೆ ಮಾತಾಡಿತು, ನನ್ನ ದನಿ "ಬಿಟ್ಟೆ" ಎಂದಿತು, ಜಡ್ಜಮ್ಮನ ದನಿ ಪ್ರಶ್ನೆ ಕೇಳಿತು. ಮೌನ ಬಂತು. ಗಡಿಯಾರ, ನಿನ್ನೆಯದೂ ಇವತ್ತಿನದೂ ಸೇರಿ, ಜೋಡಿ ಟಿಕ್ ಟಿಕ್ ಎನ್ನತೊಡಗಿತು. ನಾಲ್ಕನೆಯ ಟಿಕ್ಕಿಗೆ ಪರಮೇಶಿ ಎದ್ದ.

"ಹೋಗಿ ನೋಡ್ಲಿಲ್ಲ ಜಡ್ಜಮ್ಮ."

ತಿಪ್ಪೇಶಪ್ಪ ಅವನ ಅಂಗಿ ಹಿಡಿದು ಎಳೆದರು. ಅದೇ ಗಳಿಗೆಗೆ ಅವರ ನಿನ್ನೆಯ ದನಿ, ನಿನ್ನೆ ಎದ್ದು ನಿಂತಿದ್ದ ಎತ್ತರದಿಂದ, "ನನ್ನ ಕಕ್ಷಿದಾರರು ಇದಕ್ಕೆ ಉತ್ತರ ಕೊಡಬೇಕಾದ್ದಿಲ್ಲ" ಎಂದಿತು. ಪರಮೇಶಿ ಅದರ ಮೇಲೆಯೇ ಮಾತಾಡಿದ.

"ವಾಗೀಶ ಬರ್ತಿದ್ದ. ಮೂರು ವಾರನೂ ಬಂದ. ನಂಗೊತ್ತಿತ್ತು. ಹಿತ್ಲ ಬಾಗ್ಲಿಗೆ ಎಣ್ಣೆ ಬಿಟ್ಟಿದ್ದು ನಾನೇ. ಅವನ ಮನೇನೂ ಹೌದಲ್ಲ, ಬಿಸಿಲಲ್ಲಿ ಎಲ್ಲಿಗ್ ಹೋಗ್ತಾನೆ, ಸದ್ದು ಮಾಡ್ದೆ ಒಂದ್ ಮೂಲೇಲಿ ಬಿದ್ದಿರ್ತಾನೆ, ಸದ್ದೇ ಇಲ್ದಿದ್ಮೇಲೆ ಏನಾಗುತ್ತೆ ಅನ್ಕೊಂಡೆ. ನಿನ್ನೆ ಇಲ್ಲಿಂದ ಊಟಕ್ಕೆ ಹೋದ್ನಾ, ಅಮ್ಮನ ಮಂಚದ ಕೆಳಗಿಂದ ಮೇಡಂ ದನಿ ಬಂತು. ಕುಮ್ಮಿ ಹೇಳಿದ್ದನ್ನ ಬರ್ಕೊಂತಾ ಓದ್ತಿದ್ರು. ಬಗ್ಗಿ ಕೇಳಿಸ್ಕೊಂಡೆ." ಅವನು ಮೂಗು ಒರೆಸಿಕೊಂಡ. "ಅಪ್ಪಂಗೆ ಹೇಳ್ಬೇಡಿ, ಅಪ್ಪ ಅಳ್ತಾರೆ ಅಂದಿದಾಳೆ. ಸರಿಯಾಗೇ ಹೇಳಿದಾಳೆ."

ಹಿಂದಿನ ಬೆಂಚಿನಿಂದ ಸಣ್ಣಮ್ಮ, "ಅಯ್ಯೋ, ನಿನ್ ತಮ್ಮ ಕಣೋ ಅವನು!" ಎಂದರು.

"ಅವಳು ನನ್ ಮಗಳು ಕಣಮ್ಮ" ಎಂದ ಪರಮೇಶಿ.

ತಾರಾಮಣಿ ಬೆಂಚಿನಿಂದ ಒಂದು ಕೈ ತೆಗೆದಳು, ಅಷ್ಟೇ.

ಜಡ್ಜಮ್ಮ ಲಕೋಟೆಯನ್ನು ಒಡೆಯಬೇಕಾಗಿ ಬರಲಿಲ್ಲ; ಆದರೂ ಒಡೆದು ಓದಿದರು, ಒಮ್ಮೆ ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು. ಕುರ್ಚಿ ಬಿಟ್ಟದ್ದಕ್ಕೆ ನನಗೊಂದು ಎಚ್ಚರಿಕೆ ಪತ್ರ ಬಂತು. ಅದರ ಜೊತೆಗೆ ಪಿನ್ನು ಹಾಕಿ ಇನ್ನೊಂದು ಆದೇಶ ಕಳಿಸಿದ್ದರು: ಮಕ್ಕಳ ಪ್ರಕರಣಗಳಲ್ಲಿ ಕೇಳುಗರು ಇನ್ನು ಮುಂದೆ ಕುರ್ಚಿಯಲ್ಲಿ ಕೂರತಕ್ಕದ್ದಲ್ಲ. ನಾನು ಬರೆದ ಎರಡು ವರದಿಗಳಲ್ಲಿದ್ದ "ಶಾಂತ" ಎಂಬ ಪದವನ್ನು ಹೊಡೆದುಹಾಕಲು ಅರ್ಜಿ ಕೊಟ್ಟೆ. ಕಡತದಲ್ಲಿ ಸೇರಿದ್ದನ್ನು ತಿದ್ದುವಂತಿಲ್ಲ ಎಂದು ಗುಮಾಸ್ತರು ಹೇಳಿದರು. ಅದು ಗೆರೆಯ ಸಮೇತ ಹಾಗೇ ಇದೆ.

ಭೇಟಿ ಈಗಲೂ ಭಾನುವಾರ ಹತ್ತರಿಂದ ನಾಲ್ಕರವರೆಗೆ. ಜಾಗ, ಅಂಗನವಾಡಿಯ ಅಂಗಳ. ಅಂಗನವಾಡಿ ಟೀಚರು ಜೊತೆಗಿರುತ್ತಾರೆ. ವಾಗೀಶ ಆ ಬೀದಿಗೆ ಬರುವಂತಿಲ್ಲ. ಕುಮ್ಮಿ ಆ ಮನೆಗೆ ಮತ್ತೆ ಹೋಗಲಿಲ್ಲ.